ಎದುರಾಳಿಗೊಂದು ಹಾಳೆ: ಭಾರತ ತಂಡದ ಸೋಲು-ಗೆಲುವಿನ ಲೆಕ್ಕ ಇಡುವುದು ಹೇಗೆ

ವೆಸ್ಟ್ ಇಂಡೀಸ್ ವಿರುದ್ಧ ಭಾರತ ಆಡಿರುವ ಟೆಸ್ಟ್ 102. ಗೆದ್ದಿದ್ದು 25, ಸೋತಿದ್ದು 30, ಡ್ರಾ 47. ಇದು 2025ರ ಅಕ್ಟೋಬರ್ ಸರಣಿ ಮುಗಿದಾಗಿನ ಲೆಕ್ಕ. ಇಷ್ಟನ್ನೇ ಓದಿದರೆ ನಮಗಿಂತ ಅವರೇ ಮೇಲು ಅನಿಸುತ್ತದೆ. ಆದರೆ 2002ರ ಮೇ ತಿಂಗಳ ಕಿಂಗ್‌ಸ್ಟನ್ ಟೆಸ್ಟ್ ಆದಮೇಲೆ ಅವರು ನಮ್ಮನ್ನು ಒಂದು ಟೆಸ್ಟ್‌ನಲ್ಲೂ ಸೋಲಿಸಿಲ್ಲ. ಎರಡೂ ಮಾತು ನಿಜವೇ. ಯಾವುದನ್ನು ಎಲ್ಲಿ ಹೇಳಬೇಕು ಅನ್ನೋದು ಗೊತ್ತಿರಬೇಕು, ಅಷ್ಟೇ.

ನಾನು ಮಲ್ಲೇಶ್ವರದಲ್ಲಿ ಆಡಿಟರ್ ಒಬ್ಬರ ಹತ್ತಿರ ಲೆಕ್ಕ ಬರೆಯುವವಳು. ಹಗಲೆಲ್ಲ ಬೇರೆಯವರ ಖಾತೆ ತಾಳೆ ಹಾಕುತ್ತೇನೆ, ರಾತ್ರಿ ಕ್ರಿಕೆಟ್ ಖಾತೆ. ಅಂಗಡಿಯವರು ವರ್ಷದ ಕೊನೆಯ ಮೊತ್ತ ಒಂದನ್ನೇ ತಂದು ಮುಂದಿಟ್ಟರೆ ವ್ಯಾಪಾರ ಏಳುತ್ತಿದೆಯೋ ಬೀಳುತ್ತಿದೆಯೋ ಹೇಳಲು ಆಗುವುದಿಲ್ಲ. ತಂಡದ ಲೆಕ್ಕವೂ ಹಾಗೇ. ಅದಕ್ಕೇ ನಾನು ಎದುರಾಳಿಗೊಂದು ಹಾಳೆ ಇಡುತ್ತೇನೆ. ಮಾಡುವ ರೀತಿ ಹೇಳುತ್ತೇನೆ, ನೋಡಿ.

ಮೊದಲು ಪುಸ್ತಕ. ಅವೆನ್ಯೂ ರಸ್ತೆಯಲ್ಲಿ ಸಿಗುವ ಉದ್ದನೆಯ ಲೆಡ್ಜರ್ ಆದರೆ ಒಳ್ಳೆಯದು, ಅಡ್ಡ ಸಾಲಿನಲ್ಲಿ ಜಾಗ ಜಾಸ್ತಿ. ಎಕ್ಸೆಲ್‌ನಲ್ಲಿ ಮಾಡಿದರೂ ತೊಂದರೆ ಇಲ್ಲ. ಆದರೆ ಟೆಸ್ಟ್, ಏಕದಿನ, ಟಿ20 ಮೂರಕ್ಕೂ ಮೂರು ಬೇರೆ ಪುಸ್ತಕ ಇರಲಿ. "ಎಲ್ಲ ಸೇರಿ ಇಷ್ಟು ಗೆಲುವು" ಅಂತ ಟಿವಿಯಲ್ಲಿ ತೋರಿಸುತ್ತಾರಲ್ಲ, ಆ ಮೊತ್ತಕ್ಕೆ ಅರ್ಥವೇ ಇಲ್ಲ. ಐದು ದಿನದ ಆಟವನ್ನೂ ಮೂರು ಗಂಟೆಯ ಆಟವನ್ನೂ ಕೂಡಿಸಿ ಏನು ಸಿಗುತ್ತದೆ?

ಹಾಳೆಯ ತಲೆಯ ಮೇಲೆ ಎದುರಾಳಿಯ ಹೆಸರು. ಕೆಳಗೆ ಆರು ಕಾಲಂ: ತಾರೀಖು, ಊರು, ಯಾರ ನೆಲ, ಫಲಿತಾಂಶ, ಅಂತರ, ಷರಾ. ಇಂಗ್ಲೆಂಡ್ ಹಾಳೆಯ ಮೊದಲ ಸಾಲು 1932ರ ಜೂನ್ 25, ಲಾರ್ಡ್ಸ್, ಅವರ ನೆಲ, ಸೋಲು, 158 ರನ್. ಷರಾದಲ್ಲಿ: ನಮ್ಮ ಮೊಟ್ಟಮೊದಲ ಟೆಸ್ಟ್, ನಾಯಕ ಸಿ.ಕೆ. ನಾಯ್ಡು. ಮೊದಲ ಗೆಲುವು ಬರೆಯಲು 1952ರ ಫೆಬ್ರವರಿಯವರೆಗೆ ಕಾಯಬೇಕು. ಅದೂ ಇದೇ ಹಾಳೆಯಲ್ಲೇ. ಮದ್ರಾಸ್, ಇನಿಂಗ್ಸ್ ಮತ್ತು 8 ರನ್, ವಿನೂ ಮಂಕಡ್‌ಗೆ 12 ವಿಕೆಟ್.

"ಯಾರ ನೆಲ" ಕಾಲಂನಲ್ಲಿ ಮೂರೇ ಗುರುತು: ನಮ್ಮದು, ಅವರದು, ಬೇರೆಯವರದು. ಈ ಮೂರನೆಯದನ್ನು ಜನ ಮರೆಯುತ್ತಾರೆ. 2021ರಲ್ಲಿ ಇಂಗ್ಲೆಂಡ್‌ನ ಸೌತಾಂಪ್ಟನ್‌ನಲ್ಲಿ ಆದ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ನ್ಯೂಜಿಲೆಂಡ್ ಹಾಳೆಗೆ ಬರುತ್ತದೆ, ಆದರೆ ಅದು ಅವರ ನೆಲವೂ ಅಲ್ಲ, ನಮ್ಮದೂ ಅಲ್ಲ. 2023ರ ಫೈನಲ್‌ನಲ್ಲಿ, ಲಂಡನ್ನಿನ ಓವಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ 209 ರನ್‌ಗಳಿಂದ ಸೋತಿದ್ದೂ ಅಷ್ಟೇ.

ಫಲಿತಾಂಶದ ಕಾಲಂ ಸುಲಭ ಅಂತ ಕಾಣುತ್ತದೆ. ಜಗಳ ಹುಟ್ಟುವುದು ಮಾತ್ರ ಅಲ್ಲೇ. ದಿನ ಮುಗಿದರೂ ಯಾರೂ ಗೆಲ್ಲದ ಡ್ರಾ ಬೇರೆ, ಎರಡೂ ತಂಡದ ರನ್ ಸಮವಾಗುವ ಟೈ ಬೇರೆ, ಮಳೆಯಂಥ ಕಾರಣಕ್ಕೆ ಅರ್ಧಕ್ಕೆ ನಿಂತು ಫಲಿತಾಂಶ ಇಲ್ಲದ್ದು ಬೇರೆ. ಟಾಸ್ ಕೂಡ ಆಗದೆ ಮಳೆಗೆ ಹೋದ ಪಂದ್ಯಕ್ಕೆ ಸಾಲೇ ಇಲ್ಲ. 2019ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಜೊತೆ ನಾಟಿಂಗ್‌ಹ್ಯಾಮ್‌ನಲ್ಲಿ ಆಗಬೇಕಿದ್ದ ಪಂದ್ಯ ಹಾಗೆ ಹೋಯಿತು. ಎರಡೂ ತಂಡಕ್ಕೆ ಒಂದೊಂದು ಅಂಕ ಸಿಕ್ಕಿತು, ಆದರೆ ಪರಸ್ಪರ ಆಡಿದ ಪಂದ್ಯಗಳ ಪಟ್ಟಿಗೆ ಅದು ಸೇರುವುದಿಲ್ಲ. ಇನ್ನು ರನ್ ಸಮವಾದಾಗ ಒಂದೊಂದು ಓವರ್ ಆಡಿಸುತ್ತಾರಲ್ಲ, ಆ ಸೂಪರ್ ಓವರ್‌ನಲ್ಲಿ ಗೆದ್ದದ್ದು? ಅದನ್ನು ಟೈ ಅಂತಲೇ ಬರೆಯಿರಿ. ಯಾರು ಕಪ್ ಎತ್ತಿದರು, ಯಾರಿಗೆ ಅಂಕ ಸಿಕ್ಕಿತು ಅನ್ನೋದು ಷರಾಕ್ಕೆ. 2024ರ ಜನವರಿ 17ರಂದು ನಮ್ಮ ಚಿನ್ನಸ್ವಾಮಿಯಲ್ಲಿ ಅಫ್ಘಾನಿಸ್ತಾನವೂ ಭಾರತವೂ 212 ಹೊಡೆದವು. ಮೊದಲ ಸೂಪರ್ ಓವರ್ ಕೂಡ ಸಮ. ಎರಡನೆಯದರಲ್ಲಿ ನಾವು ಗೆದ್ದೆವು. ಹಾಳೆಯಲ್ಲಿ ಅದು ಟೈ, ಷರಾದಲ್ಲಿ ಎರಡು ಸೂಪರ್ ಓವರ್.

ಷರಾ ಕಾಲಂ ದೊಡ್ಡದಾಗಿಯೇ ಇರಲಿ. ಮಿಕ್ಕ ಐದು ಕಾಲಂ ಯಾವ ವೆಬ್‌ಸೈಟ್‌ನಲ್ಲಾದರೂ ಸಿಗುತ್ತದೆ, ಇದು ಮಾತ್ರ ನೀವೇ ಕೂತು ಬರೆಯಬೇಕು. ಎಲ್ಲಿಂದ ಶುರು ಮಾಡೋದು ಅಂತ ತಿಳಿಯದಿದ್ದರೆ ಬೆಂಗಳೂರಿನ ಸಾಲುಗಳಿಂದಲೇ ಶುರು ಮಾಡಿ. ಒಂದೇ ಮೈದಾನ, ಆದರೆ ಪ್ರತಿ ಹಾಳೆಯಲ್ಲೂ ಅದರದ್ದೊಂದು ಕಥೆ ಇದೆ.

ವೆಸ್ಟ್ ಇಂಡೀಸ್ ಹಾಳೆ, 1974ರ ನವೆಂಬರ್: ಈ ಮೈದಾನದ ಮೊದಲ ಟೆಸ್ಟ್. ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಇಲ್ಲೇ ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107. ರಿಚರ್ಡ್ಸ್ 4 ಮತ್ತು 3, ಎರಡು ಸಲವೂ ನಮ್ಮ ಚಂದ್ರಶೇಖರ್‌ಗೆ ಔಟ್. ಸೋಲು, 267 ರನ್. ಸೋತ ಪಂದ್ಯವಾದರೂ ಈ ಸಾಲು ಬರೆಯುವಾಗ ಖುಷಿಯಾಗುತ್ತದೆ.

ಪಾಕಿಸ್ತಾನ ಹಾಳೆ, 1987ರ ಮಾರ್ಚ್: ಚೆಂಡು ಬುಗುರಿಯಂತೆ ತಿರುಗಿದ ಪಿಚ್. ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ತೆಗೆದು ಅವರನ್ನು 116ಕ್ಕೆ ಮುಗಿಸಿದರು. ಕೊನೆಯ ಇನಿಂಗ್ಸ್‌ನಲ್ಲಿ ಗವಾಸ್ಕರ್ 96. ಅದೇ ಅವರ ಕೊನೆಯ ಟೆಸ್ಟ್ ಇನಿಂಗ್ಸ್. ಸೋಲು, 16 ರನ್.

ಇಂಗ್ಲೆಂಡ್ ಏಕದಿನದ ಹಾಳೆ, 2011ರ ಫೆಬ್ರವರಿ 27: ವಿಶ್ವಕಪ್. ತೆಂಡೂಲ್ಕರ್ 120, ಸ್ಟ್ರಾಸ್ 158. ಕೊನೆಯ ಓವರ್‌ಗೆ ಇಂಗ್ಲೆಂಡ್‌ಗೆ 14 ಬೇಕಿತ್ತು, ಚೆಂಡು ಮುನಾಫ್ ಪಟೇಲ್ ಕೈಯಲ್ಲಿ. ಆಗತಾನೇ ಬಂದ ಶಹಜಾದ್ ಸಿಕ್ಸರ್ ಎತ್ತಿದ. ಕೊನೆಯ ಎಸೆತಕ್ಕೆ ಎರಡು ಬೇಕಿತ್ತು, ಸ್ವಾನ್‌ಗೆ ಸಿಕ್ಕಿದ್ದು ಒಂದು. 338, 338. ಟೈ. ಇಂಥ ಪಂದ್ಯ ಬರೀ ಟೈ ಕಾಲಂನಲ್ಲಿ "1" ಆಗಿ ಕೂತುಬಿಟ್ಟರೆ ಅನ್ಯಾಯ ಅಲ್ವಾ?

ಸಾಲುಗಳಾದ ಮೇಲೆ ಮೊತ್ತ. ಶೇಕಡಾ ಹಾಕುವಾಗ ಯಾವುದರಿಂದ ಭಾಗಿಸಿದಿರಿ ಅಂತ ಪಕ್ಕದಲ್ಲೇ ಬರೆಯಿರಿ. ಪಾಕಿಸ್ತಾನದ ಏಕದಿನ ಲೆಕ್ಕ ತೆಗೆದುಕೊಳ್ಳಿ, 2025ರ ಫೆಬ್ರವರಿಯ ಚಾಂಪಿಯನ್ಸ್ ಟ್ರೋಫಿ ಪಂದ್ಯದವರೆಗೆ: 136 ಪಂದ್ಯ, ನಮ್ಮ ಗೆಲುವು 58, ಅವರದು 73, ಫಲಿತಾಂಶ ಇಲ್ಲದ್ದು 5. 136ರಿಂದ ಭಾಗಿಸಿದರೆ ನಮ್ಮದು ಶೇ 42.6. ಫಲಿತಾಂಶ ಬಂದ 131ರಿಂದ ಭಾಗಿಸಿದರೆ 44.3. ಎರಡೂ ಸರಿ. ಕೆಲವು ಕಡೆ ಟೈ ಪಂದ್ಯವನ್ನು ಅರ್ಧ ಗೆಲುವು ಅಂತ ಹಿಡಿಯುತ್ತಾರೆ. ಹಾಗಾಗಿ ಒಂದೇ ತಂಡಕ್ಕೆ ಎರಡು ಜಾಗದಲ್ಲಿ ಎರಡು ಶೇಕಡಾ ಕಂಡರೆ ಗಾಬರಿ ಬೇಡ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ: ಹಾಳೆಗೆ ಅಡ್ಡಗೆರೆ ಎಳೆಯುವುದು. ಎಲ್ಲಿ ಎಳೆಯಬೇಕು? ನಿಮಗೆ ಬೇಕಾದ ಕಡೆ ಅಲ್ಲ, ಆಟದ ದಿಕ್ಕು ಬದಲಾದ ಕಡೆ. ವೆಸ್ಟ್ ಇಂಡೀಸ್ ಹಾಳೆಯಲ್ಲಿ ನಾನು ಎರಡು ಗೆರೆ ಎಳೆದಿದ್ದೇನೆ. ಮೊದಲನೆಯದು 1971ರ ಪೋರ್ಟ್ ಆಫ್ ಸ್ಪೇನ್ ಗೆಲುವಿನ ಮೇಲೆ. ಅದಕ್ಕೂ ಮುಂಚೆ 24 ಟೆಸ್ಟ್, ಗೆಲುವು ಸೊನ್ನೆ, ಸೋಲು 12. ಎರಡನೇ ಗೆರೆ 2002ರ ಕಿಂಗ್‌ಸ್ಟನ್ ಸೋಲಿನ ಕೆಳಗೆ. ನಡುವಿನ 51 ಟೆಸ್ಟ್‌ನಲ್ಲಿ ನಾವು 8, ಅವರು 18. ಅಲ್ಲಿಂದೀಚೆಗೆ 27 ಟೆಸ್ಟ್, ನಾವು 17, ಅವರು ಸೊನ್ನೆ, ಮಿಕ್ಕ 10 ಡ್ರಾ. ಮೂರೂ ತುಂಡು ಕೂಡಿಸಿ ನೋಡಿ, 102 ಬರಬೇಕು. ಬರದಿದ್ದರೆ ಯಾವುದೋ ಡ್ರಾ ಬಿಟ್ಟುಹೋಗಿದೆ. ತಪ್ಪಿಸಿಕೊಳ್ಳೋದು ಯಾವಾಗಲೂ ಡ್ರಾನೇ.

ನ್ಯೂಜಿಲೆಂಡ್ ಹಾಳೆಯಲ್ಲಿ ಕಥೆ ಉಲ್ಟಾ. ಒಟ್ಟು 65 ಟೆಸ್ಟ್, ನಾವು 22, ಅವರು 16. ನೋಡಲು ಚೆನ್ನಾಗಿಯೇ ಇದೆ. 2020ರ ಹತ್ತಿರ ಒಂದು ಗೆರೆ ಎಳೆಯಿರಿ: 2024ರ ಕೊನೆಯವರೆಗೆ ಎಂಟು ಟೆಸ್ಟ್, ಅವರು 6, ನಾವು 1, ಡ್ರಾ 1. ಆ ಆರರಲ್ಲಿ ಒಂದು ಇಲ್ಲೇ ಕಬ್ಬನ್ ಪಾರ್ಕ್ ಪಕ್ಕದಲ್ಲಿ ಆಗಿದ್ದು. 2024ರ ಅಕ್ಟೋಬರ್, ಮೊದಲ ದಿನ ಪೂರ್ತಿ ಮಳೆ. ಎರಡನೇ ದಿನ ಮೋಡ ಕವಿದಿದ್ದರೂ ನಾವು ಟಾಸ್ ಗೆದ್ದು ಬ್ಯಾಟಿಂಗ್ ತೆಗೆದುಕೊಂಡೆವು. 46ಕ್ಕೆ ಆಲೌಟ್. ಭಾರತದ ನೆಲದಲ್ಲಿ ನಮ್ಮ ಅತಿ ಕಡಿಮೆ ಮೊತ್ತ. ಹೆನ್ರಿ 15ಕ್ಕೆ 5, ಒರೂರ್ಕ್ 22ಕ್ಕೆ 4. ಎರಡನೇ ಸಲ ಸರ್ಫರಾಜ್ 150, ಪಂತ್ 99, ಒಟ್ಟು 462 ಹೊಡೆದರೂ ಸಾಲಲಿಲ್ಲ. ಎಂಟು ವಿಕೆಟ್ ಸೋಲು. 1988ರ ನಂತರ ಇಂಡಿಯಾದಲ್ಲಿ ಅವರ ಮೊದಲ ಟೆಸ್ಟ್ ಗೆಲುವು. ಆಮೇಲೆ ಪುಣೆ, ಮುಂಬೈಯಲ್ಲೂ ಗೆದ್ದು ಸರಣಿ 3-0 ಮಾಡಿಕೊಂಡು ಹೋದರು. ಈ ಹಾಳೆಯ ಒಟ್ಟು ಮೊತ್ತ ತೋರಿಸಿ ಯಾರಾದರೂ "ನ್ಯೂಜಿಲೆಂಡ್ ತಾನೇ" ಅಂದರೆ ಗೆರೆಯ ಕೆಳಗೆ ಬೆರಳಿಟ್ಟು ತೋರಿಸಿ.

ಪಾಕಿಸ್ತಾನ ಹಾಳೆಗೆ ಮಾತ್ರ ಅಡ್ಡಗೆರೆ ಸಾಲದು, ಉದ್ದಗೆರೆಯೂ ಬೇಕು. ನನ್ನ ಅಣ್ಣನ ಮಗ ಒಮ್ಮೆ ಬಂದು, "ಅತ್ತೆ, ಪಾಕಿಸ್ತಾನ ನಮ್ಮನ್ನ ಸೋಲಿಸಿದ್ದೇ ಕಮ್ಮಿ ಅಲ್ವಾ?" ಅಂದ. ಅವನು ನೋಡಿರುವುದೆಲ್ಲ ವಿಶ್ವಕಪ್ ಪಂದ್ಯಗಳು, ಪಾಪ. ಏಕದಿನದ ವಿಶ್ವಕಪ್‌ನಲ್ಲಿ 8-0. 1996ರ ಕ್ವಾರ್ಟರ್ ಫೈನಲ್ ಇದೇ ಊರಲ್ಲಿ, 39 ರನ್ ಗೆಲುವು, ವೆಂಕಟೇಶ್ ಪ್ರಸಾದ್ ಸೊಹೇಲ್‌ನ ಸ್ಟಂಪ್ ಎಗರಿಸಿದ್ದು ಯಾರಿಗೆ ನೆನಪಿಲ್ಲ? ಆದರೆ ಒಟ್ಟು ಏಕದಿನದಲ್ಲಿ ಅವರೇ ಮುಂದೆ, ಟೆಸ್ಟ್‌ನಲ್ಲೂ ಅವರೇ ಮುಂದೆ: 59ರಲ್ಲಿ ಅವರು 12, ನಾವು 9, ಡ್ರಾ 38. "ಹಂಗಾದ್ರೆ ಯಾರು ಮೇಲು?" ಅಂದ. "ಯಾವ ವರ್ಷ, ಯಾವ ಊರು ಹೇಳೋ ಮೊದಲು" ಅಂದೆ.

ಅವರ ಏಕದಿನದ ಹಾಳೆಯಲ್ಲಿ "ಬೇರೆಯವರ ನೆಲ" ಅನ್ನುವ ಸಾಲುಗಳನ್ನು ಉದ್ದಗೆರೆ ಎಳೆದು ಎರಡು ಗುಂಪು ಮಾಡಿ. ಒಂದು ಶಾರ್ಜಾ, ಇನ್ನೊಂದು ವಿಶ್ವಕಪ್‌ಗಳು. 1986ರಲ್ಲಿ ಮಿಯಾಂದಾದ್ ಕೊನೆಯ ಚೆಂಡಿಗೆ ಸಿಕ್ಸರ್ ಹೊಡೆದದ್ದು ಮೊದಲ ಗುಂಪಿನಲ್ಲಿ ಬರುತ್ತದೆ. ಶಾರ್ಜಾದಲ್ಲಿ ಅವರದೇ ಮೇಲುಗೈ. ಎರಡು ಗುಂಪನ್ನೂ ಕಲಸಿಬಿಟ್ಟರೆ ಎರಡೂ ಕಾಣುವುದಿಲ್ಲ. ಟೆಸ್ಟ್ ಹಾಳೆಯ ಕೊನೆಯ ಸಾಲು 2007ರ ಡಿಸೆಂಬರ್. ಊರು ಬೆಂಗಳೂರು, ಗಂಗೂಲಿ 239, ಡ್ರಾ. ಅಲ್ಲಿಂದ ಈ ಖಾತೆಯಲ್ಲಿ ವಹಿವಾಟೇ ಇಲ್ಲ. ಅಂಥ ಹಾಳೆಯ ಮೊತ್ತವನ್ನು ಇವತ್ತಿನ ತಂಡಗಳ ಬಲಾಬಲಕ್ಕೆ ಸಾಕ್ಷಿಯಾಗಿ ತರಬೇಡಿ.

ಬಾಂಗ್ಲಾದೇಶದ ಟೆಸ್ಟ್ ಹಾಳೆಗೆ ಜಾಸ್ತಿ ಹೊತ್ತು ಬೇಡ. 2024ರವರೆಗೆ 15 ಟೆಸ್ಟ್, ಗೆಲುವು 13, ಡ್ರಾ 2. ಆದರೆ ಅವರ ಏಕದಿನದ ಹಾಳೆಯಲ್ಲಿ 2007ರ ಮಾರ್ಚ್ 17ರ ಸಾಲಿಗೆ ಕೆಂಪು ಗುರುತು ಹಾಕಿ. ಆ ಸೋಲಿನ ಮೇಲೆ ಶ್ರೀಲಂಕಾಕ್ಕೂ ಸೋತು, ವಿಶ್ವಕಪ್‌ನಿಂದಲೇ ಆಚೆ ಬೀಳುವ ಹಾಗಾಯಿತು. ಕೀನ್ಯಾದ್ದೂ ಒಂದು ಹಾಳೆ ಇರಲಿ. 1998ರಲ್ಲಿ ಗ್ವಾಲಿಯರ್‌ನಲ್ಲಿ ಅವರು ನಮ್ಮನ್ನು ಸೋಲಿಸಿದ್ದರು ಅಂದರೆ ಈಗಿನ ಹುಡುಗರು ನಂಬುವುದಿಲ್ಲ.

ಹೆಣ್ಣುಮಕ್ಕಳ ತಂಡಕ್ಕೆ ಬೇರೆಯೇ ಪುಸ್ತಕ ತೆಗೆಯಿರಿ, ಕೊನೆಯಲ್ಲಿ ಸುಮ್ನೆ ಎರಡು ಹಾಳೆ ಅಂಟಿಸಬೇಡಿ. ಅದರ ಮೊದಲ ಟೆಸ್ಟ್ ಸಾಲೂ ನಮ್ಮೂರಿನದೇ: 1976ರ ಅಕ್ಟೋಬರ್ 31, ನಾಯಕಿ ಶಾಂತಾ ರಂಗಸ್ವಾಮಿ, ಡ್ರಾ. ಆ ಪುಸ್ತಕದಲ್ಲಿ ಆಸ್ಟ್ರೇಲಿಯಾ ಹಾಳೆ ಸೋಲುಗಳಿಂದಲೇ ತುಂಬಿದೆ. ಅದಕ್ಕೇ 2025ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ 339 ಬೆನ್ನಟ್ಟಿ ಗೆದ್ದದ್ದು, ಜೆಮಿಮಾ ರಾಡ್ರಿಗ್ಸ್ ಔಟಾಗದೆ 127 ಹೊಡೆದದ್ದು ಎಷ್ಟು ದೊಡ್ಡದು ಅಂತ ಹಾಳೆ ತೆರೆದರೆ ತಾನಾಗಿ ತಿಳಿಯುತ್ತದೆ.

ಹಳೆಯ ಸಾಲುಗಳನ್ನು ತುಂಬಲು ಕ್ರಿಕ್‌ಇನ್ಫೋ ವೆಬ್‌ಸೈಟ್‌ನಲ್ಲಿ ಅಂಕಿಅಂಶ ಹುಡುಕಿಕೊಡುವ ಸ್ಟ್ಯಾಟ್ಸ್‌ಗುರು ಪುಟ ಸಾಕು. ತಂಡ ಭಾರತ, ಎದುರಾಳಿ ಯಾರು, ತವರೋ ಹೊರಗೋ ತಟಸ್ಥವೋ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಇಷ್ಟು ಆರಿಸಿದರೆ ಪಟ್ಟಿ ಬರುತ್ತದೆ. ಬಂದದ್ದನ್ನು ಹಾಗೇ ಅಂಟಿಸದೆ ಒಂದೊಂದೇ ಸಾಲು ಕೈಯಲ್ಲಿ ಬರೆಯಿರಿ. ಬರೆಯುವಾಗಲೇ ಎಲ್ಲಿ ಗೆರೆ ಎಳೆಯಬೇಕು ಅನ್ನೋದು ಹೊಳೆಯುವುದು.

ಮೊತ್ತವನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆದು ಪಕ್ಕದಲ್ಲಿ ತಾರೀಖು ಹಾಕಿ. ತಾರೀಖಿಲ್ಲದ ಮೊತ್ತವನ್ನು ನಮ್ಮ ಆಫೀಸಿನಲ್ಲಿ ಯಾರೂ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಸರಣಿ ಮುಗಿದ ವಾರದಲ್ಲೇ ಅಳಿಸಿ ಹೊಸದು ಬರೆದುಬಿಡಿ. ಟಿ20 ಪುಸ್ತಕದಲ್ಲಿ ಈ ಅಳಿಸುವ ಕೆಲಸ ಮುಗಿಯುವುದೇ ಇಲ್ಲ, ಅಷ್ಟು ಪಂದ್ಯ. ಅದನ್ನು ನಾನು ಅಣ್ಣನ ಮಗನಿಗೆ ವಹಿಸಿದ್ದೇನೆ, ರಬ್ಬರ್ ಸಮೇತ.