ಸಕ್ಕರೆ ಕಂಪನಿಯ ಲೆಕ್ಕಪತ್ರ ಓದುವುದು ಹೇಗೆ?

ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ಕಬ್ಬು ನುರಿಸುವ ಕಾರ್ಖಾನೆಗಳು ಬೇಕಾದಷ್ಟಿವೆ. ಆದರೆ ಬಹಳಷ್ಟು ಸಹಕಾರಿ ಇಲ್ಲವೇ ಖಾಸಗಿ. ಅವುಗಳ ಷೇರು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಬೆಳಗಾವಿಯಲ್ಲಿ ನೋಂದಾಯಿತ ಕಚೇರಿ ಇರುವ ಶ್ರೀ ರೇಣುಕಾ ಶುಗರ್ಸ್‌ನಂಥ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ಎಂಬ ಷೇರು ವಿನಿಮಯ ಕೇಂದ್ರಗಳ ತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ. ಅಂಗಸಂಸ್ಥೆಗಳನ್ನೂ ಸೇರಿಸಿದ ಕನ್ಸಾಲಿಡೇಟೆಡ್ ಲೆಕ್ಕವನ್ನೇ ತೆಗೆಯಿರಿ.

ಎಲ್ಲರೂ ಎಡವುವುದು ಮಾರ್ಚ್ 31ರ ಬ್ಯಾಲೆನ್ಸ್ ಶೀಟ್‌ನಲ್ಲಿ, ಅಂದರೆ ಆ ದಿನದ ಆಸ್ತಿ-ಸಾಲಗಳ ಪಟ್ಟಿಯಲ್ಲಿ. ಆಗ ಹಂಗಾಮು ಮುಗಿದು ಗೋದಾಮು ತುಂಬಿರುತ್ತದೆ, ಆ ಸಕ್ಕರೆಯ ಮೇಲೆ ತಂದ ಬ್ಯಾಂಕ್ ಸಾಲವೂ ಏರಿರುತ್ತದೆ. ಸೆಪ್ಟೆಂಬರ್ 30ರ ಹೊತ್ತಿಗೆ ಎರಡೂ ಇಳಿಯಬೇಕು. ನವೆಂಬರ್ ಮಧ್ಯದೊಳಗೆ ಬರುವ ಅರ್ಧವಾರ್ಷಿಕ ಫಲಿತಾಂಶದಲ್ಲಿ ಆ ದಿನದ ಬ್ಯಾಲೆನ್ಸ್ ಶೀಟ್ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಾಸ್ತಾನು ಕರಗಿಯೂ ಸಾಲ ಹಾಗೇ ಉಳಿದಿದ್ದರೆ, ಸಕ್ಕರೆ ಮಾರಿದ ದುಡ್ಡು ಬೇರೆಲ್ಲೋ ಹೋಗಿದೆ. ಎಲ್ಲಿಗೆ ಎಂಬುದು ನಗದು ಹರಿವಿನ ಪಟ್ಟಿಯಲ್ಲಿ ಸಿಗುತ್ತದೆ.

ಮುಂದಿನದು ದಾಸ್ತಾನಿನ ದರ. 1 ಲಕ್ಷ ಟನ್ ಸಕ್ಕರೆಗೆ 350 ಕೋಟಿ ರೂಪಾಯಿ ತೋರಿಸಿದ್ದರೆ ಕಿಲೋಗೆ 35 ರೂಪಾಯಿ ಆಯಿತು. ಮಾರುಕಟ್ಟೆ ದರ ಅದಕ್ಕಿಂತ 1 ರೂಪಾಯಿ ಕೆಳಗೆ ಬಿದ್ದರೆ 10 ಕೋಟಿ ಕೈಬಿಟ್ಟಂತೆ. ಕಚ್ಚಾ ಮಾಲಿನ ಖರ್ಚನ್ನೂ ಹೀಗೇ ತಾಳೆ ನೋಡಬಹುದು: 2025-26ರ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ದರ), 10.25% ಸಕ್ಕರೆ ಇಳುವರಿಗೆ, ಅಂದರೆ 100 ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ ಬಂದರೆ, ಕ್ವಿಂಟಲ್ ಕಬ್ಬಿಗೆ 355 ರೂಪಾಯಿ. ಅಂದರೆ ಕಿಲೋ ಸಕ್ಕರೆಗೆ ಕಬ್ಬಿನ ಖರ್ಚೇ ಸುಮಾರು 34.60 ರೂಪಾಯಿ. ಉಳಿದ ಲಾಭ ಎಥೆನಾಲ್, ವಿದ್ಯುತ್‌ನಿಂದ ಬರಬೇಕು. ಯಾವುದರಿಂದ ಎಷ್ಟು ಎನ್ನುವುದು ವಿಭಾಗವಾರು ಮಾಹಿತಿಯಲ್ಲಿದೆ.

ಕಬ್ಬಿನ ಬಿಲ್ 14 ದಿನದೊಳಗೆ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಎನ್ನುತ್ತದೆ ಕಾನೂನು. ವ್ಯಾಪಾರಿ ಬಾಕಿಯೊಳಗೆ (ಮಾಲು ಕೊಟ್ಟವರಿಗೆ ಕಂಪನಿ ಕೊಡಬೇಕಾದ ಹಣ) ರೈತರ ಬಾಕಿ ಎಷ್ಟಿದೆ ಎಂದು ಟಿಪ್ಪಣಿಗಳಲ್ಲಿ ಹುಡುಕಿ. ಅದು ಕೂಡ ಒಂದು ಬಗೆಯ ಸಾಲವೇ. ಬಾಕಿ ಉಳಿಸಿಕೊಂಡು ಬ್ಯಾಂಕ್ ಸಾಲ ಕಡಿಮೆ ತೋರಿಸುವುದು ಹೊಸ ವರಸೆಯೇನಲ್ಲ.

ಷೇರಿಗೆ ಬೆಲೆ ಕಟ್ಟುವಾಗ ಒಂದೇ ವರ್ಷದ ಪಿ/ಇ (ಷೇರಿನ ಬೆಲೆ ಅದರ ಗಳಿಕೆಯ ಎಷ್ಟು ಪಟ್ಟು ಎಂಬ ಲೆಕ್ಕ) ನಂಬಬೇಡಿ. ಐದು ವರ್ಷದ ಪ್ರತಿ ಷೇರಿನ ಗಳಿಕೆ 18, 4, ಮೈನಸ್ 6, 9, 15 ಎಂದುಕೊಳ್ಳಿ, ಸರಾಸರಿ 8. ಷೇರು 180 ರೂಪಾಯಿಗೆ ಸಿಗುತ್ತಿದ್ದರೆ ಕೊನೆಯ ವರ್ಷದ ಲೆಕ್ಕಕ್ಕೆ ಪಿ/ಇ 12, ಅಗ್ಗವೆನಿಸುತ್ತದೆ, ಸರಾಸರಿಗೆ 22.5. ಸಕ್ಕರೆ ಷೇರು ಅತಿ ಅಗ್ಗ ಕಾಣುವುದು ಬಹುತೇಕ ಲಾಭ ತುದಿ ಮುಟ್ಟಿದಾಗಲೇ. ಸಾಲ ಸೇರಿಸಿ ಕಂಪನಿಯ ಒಟ್ಟು ಬೆಲೆ ಲೆಕ್ಕ ಹಾಕುವಾಗ ಮಾರ್ಚ್, ಸೆಪ್ಟೆಂಬರ್ ಸಾಲದ ಸರಾಸರಿ ಹಿಡಿಯಿರಿ, ರೈತರ ಹಳೇ ಬಾಕಿಯನ್ನೂ ಕೂಡಿಸಿ. ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ, ಬಾಕಿ ಕಳೆದು ಉಳಿಯುವುದು) ಮೈನಸ್ ಇದ್ದರೆ, ಷೇರಿನ ಬೆಲೆಯನ್ನು ಅದರೊಂದಿಗೆ ಹೋಲಿಸುವ ಪುಸ್ತಕ ಮೌಲ್ಯದ ಅನುಪಾತಕ್ಕೆ ಅರ್ಥವಿಲ್ಲ. ಆಗ ಮೊದಲು ಓದಬೇಕಾದದ್ದು ಲೆಕ್ಕಪರಿಶೋಧಕರ ವರದಿಯಲ್ಲಿ ಕಂಪನಿ ಮುಂದುವರಿಯುವ ಸಾಮರ್ಥ್ಯದ ಬಗ್ಗೆ ಬರೆದ ಪ್ಯಾರಾ.