ರೋಮನ್ ಕತ್ತಿ ಕೊಳ್ಳುವ ಮುನ್ನ: ‘ಇದು ಯಾವುದರ ನಕಲು?’

ಆನ್‌ಲೈನ್ ಅಂಗಡಿಯಲ್ಲಿ ‘ರೋಮನ್ ಕತ್ತಿ’ ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ರೋಮ್‌ನ ಸೈನ್ಯ ಶತಮಾನಗಳ ಕಾಲ ಬಾಳಿತು, ಅದರ ಕತ್ತಿಯೂ ಬದಲಾಗುತ್ತಾ ಬಂತು. ಹಾಗಾಗಿ ಬೆಲೆ ಕೇಳುವ ಮೊದಲು ಕೇಳಬೇಕಾದ ಮಾತು ಬೇರೆ: ಇದು ಎಲ್ಲಿ ಸಿಕ್ಕ ಕತ್ತಿಯ ನಕಲು? ಉತ್ತರ ಬರದಿದ್ದರೆ ಮುಂದಿನ ಅಂಗಡಿ ನೋಡಿ.

ಮೊದಲು ಕಾಲ ಆರಿಸಿಕೊಳ್ಳಿ. ಚಕ್ರವರ್ತಿಗಳ ಆಳ್ವಿಕೆಗೆ ಮುಂಚಿನ ರೋಮ್ ಗಣರಾಜ್ಯದ ಕೊನೆಯ ಎರಡು ಶತಮಾನಗಳ ಸೈನಿಕ ನಿಮಗಿಷ್ಟವಾದರೆ ಬೇಕಾದದ್ದು ಸ್ಪೇನ್ ಮೂಲದ ‘ಗ್ಲಾಡಿಯಸ್ ಹಿಸ್ಪಾನಿಯೆನ್ಸಿಸ್’. ಇದರ ಅಲಗು 60 ಸೆಂ.ಮೀ. ದಾಟುತ್ತದೆ. ಗ್ಲಾಡಿಯಸ್, ಅಂದರೆ ರೋಮನ್ ಕಾಲಾಳಿನ ಕತ್ತಿ, ಗಿಡ್ಡ ಎಂದುಕೊಂಡವರಿಗೆ ಇಲ್ಲೇ ಮೊದಲ ಅಚ್ಚರಿ. ಮೊದಲ ಚಕ್ರವರ್ತಿಗಳಾದ ಅಗಸ್ಟಸ್, ಟಿಬೇರಿಯಸ್ ಕಾಲದ್ದು ‘ಮೈನ್ಜ್’ ಮಾದರಿ: ಅಗಲವಾದ ಅಲಗು, ನಡುವೆ ತುಸು ಸಣ್ಣಗಾದ ಸೊಂಟ, ನೀಳವಾದ ಮೊನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತುಹೋದ ಊರಿನ ಹೆಸರು ಹೊತ್ತ ‘ಪಾಂಪೇ’ ಮಾದರಿಯ ಎರಡೂ ಅಂಚು ನೇರ, ಮೊನೆ ಮೊಟಕು, ಅಲಗು ಸುಮಾರು 45ರಿಂದ 50 ಸೆಂ.ಮೀ. ಕುದುರೆ ಸವಾರರ ಉದ್ದ ಕತ್ತಿ ‘ಸ್ಪಾಥಾ’. ಮೂರನೇ ಶತಮಾನದ ಹೊತ್ತಿಗೆ ಕಾಲಾಳುಗಳೂ ಅದನ್ನೇ ಕಟ್ಟಿಕೊಂಡರು.

ಮೊದಲ ಸಲ ಕೊಳ್ಳುವವರಿಗೆ ನನ್ನ ಮತ ಪಾಂಪೇಗೆ. ಆಕಾರ ಸರಳವಾದ್ದರಿಂದ ಕಳಪೆ ಕೆಲಸ ಬೇಗ ಕಣ್ಣಿಗೆ ಬೀಳುತ್ತದೆ. ‘ಟಿಬೇರಿಯಸ್‌ನ ಕತ್ತಿ’ ಎಂದು ಮಾರುವುದರ ಮೂಲ 1848ರಲ್ಲಿ ಜರ್ಮನಿಯ ಮೈನ್ಜ್‌ನಲ್ಲಿ ಸಿಕ್ಕಿದ್ದು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಹೆಚ್ಚುಗಾರಿಕೆ ತುಕ್ಕು ತಿಂದ ಅಲಗಲ್ಲ, ಉಬ್ಬುಚಿತ್ರಗಳ ಒರೆ. ಆದ್ದರಿಂದ ಅದರ ನಕಲು ಕೊಳ್ಳುವವರು ಒರೆಯ ಚಿತ್ರಗಳ ಹತ್ತಿರದ ಫೋಟೊ ಕೇಳಲೇಬೇಕು. ಅಗ್ಗದವುಗಳಲ್ಲಿ ಮುಖಗಳು ಕರಗಿದ ಮೇಣದಂತೆ ಕಾಣುತ್ತವೆ. (ಅದೇ ಟಿಬೇರಿಯಸ್‌ನ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ.)

ಇನ್ನು ಕತ್ತಿ ಕೈಗೆತ್ತಿಕೊಳ್ಳಿ. ತೂಕ ಮುಕ್ಕಾಲು ಕಿಲೋದಿಂದ ಒಂದು ಕಿಲೋ ಆಸುಪಾಸಿನಲ್ಲಿದ್ದರೆ ಸರಿ. ಗ್ಲಾಡಿಯಸ್ ಒಂದೂವರೆ ಕಿಲೋ ತೂಗಿದರೆ ಮಾಡಿದವರು ಕಬ್ಬಿಣದ ಪಟ್ಟಿಗೆ ಮೊನೆ ಕೊಟ್ಟಿದ್ದಾರೆ, ಅಷ್ಟೆ. ಗ್ಲಾಡಿಯಸ್ ಅಲಗಿನ ಅಡ್ಡಕೊಯ್ತ ವಜ್ರಾಕಾರ ಇರಬೇಕು, ನಡುವೆ ಏಣು ಕಾಣಬೇಕು. ಏಣಿನ ಜಾಗದಲ್ಲಿ ಉದ್ದಕ್ಕೂ ಕಾಲುವೆ ಕೊರೆದಿದ್ದರೆ, ಅಲಗಿನ ಮೇಲೆ ‘ಎಸ್‌ಪಿಕ್ಯುಆರ್’ (‘ರೋಮ್‌ನ ಸೆನೆಟ್ ಮತ್ತು ಜನತೆ’ ಎಂಬುದರ ಲ್ಯಾಟಿನ್ ಮೊದಲಕ್ಷರಗಳು) ಎಂದು ದೊಡ್ಡದಾಗಿ ಕೆತ್ತಿದ್ದರೆ, ಹಿಡಿಯ ತುದಿಯಲ್ಲಿ ಹಿತ್ತಾಳೆಯ ಹದ್ದು ಕೂತಿದ್ದರೆ ಅದು ಪ್ರವಾಸಿಗರ ನೆನಪಿನ ವಸ್ತು. ಕಾಲಾಳಿನ ಕತ್ತಿಯ ಹಿಡಿ ಸಾಮಾನ್ಯವಾಗಿ ಮರದ್ದು, ಮೂಳೆಯದ್ದು. ಬೆರಳು ಕೂರಲು ಗೀರುಗಳು, ತುದಿಗೆ ಗುಂಡು.

ಆ ಗುಂಡಿನ ನೆತ್ತಿ ನೋಡಲು ಮರೆಯಬೇಡಿ. ಅಲಗಿನ ಉಕ್ಕು ಹಿಡಿಯ ಒಳಗೆ ಸಾಗಿ ನೆತ್ತಿಯಲ್ಲಿ ಹೊರಬಂದು, ರಿವೆಟ್‌ನಂತೆ ಬಡಿದು ಚಪ್ಪಟೆಯಾಗಿರಬೇಕು. ಅಲ್ಲಿ ನಟ್ ಇದ್ದರೆ ಹೊಸ ಕಾಲದ ಅನುಕೂಲ, ಕ್ಷಮಿಸಬಹುದು. ಏನೂ ಇಲ್ಲದೆ ಹಿಡಿ ಅಲುಗಾಡಿದರೆ ಒಳಗೆ ತೆಳು ಸರಳೊಂದನ್ನು ವೆಲ್ಡ್ ಮಾಡಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಬೀಸಿ ನೋಡುವುದು ಅಪಾಯ.

ಸ್ಟೇನ್‌ಲೆಸ್ ಉಕ್ಕೋ ಕಾರ್ಬನ್ ಉಕ್ಕೋ? ಗೋಡೆಗಷ್ಟೇ ಸಾಕೆಂದರೆ ಸ್ಟೇನ್‌ಲೆಸ್ ತೊಂದರೆಯಿಲ್ಲ, ಆದರೆ ಅದರ ಹೊಳಪು ಪಾತ್ರೆಯ ಹೊಳಪು. ಕಾರ್ಬನ್ ಉಕ್ಕಿಗೆ ಸಹಜವಾದ ಬೂದು ಬಣ್ಣವಿದೆ, ಬದಲಿಗೆ ಆರೈಕೆ ಬೇಡುತ್ತದೆ. ಇಂಥ ಕತ್ತಿಗಳನ್ನು ವಿದೇಶದಿಂದಲೇ ತರಿಸಬೇಕೆಂದಿಲ್ಲ. ಹೊರದೇಶಗಳ ಸಂಗ್ರಾಹಕರು ಕೊಳ್ಳುವ ಎಷ್ಟೋ ನಕಲುಗಳು ತಯಾರಾಗುವುದೇ ನಮ್ಮ ಡೆಹ್ರಾಡೂನ್‌ನಲ್ಲಿ.

ಹರಿತ ಮಾಡದ ಅಲಗನ್ನೇ ಕೇಳಿ, ಬಿಲ್ಲಿನಲ್ಲೂ ಹಾಗೆಂದು ಬರೆಸಿಕೊಳ್ಳಿ. 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲದ ಅಲಗಿನ ಹರಿತ ಕತ್ತಿಗಳು 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕೊಳ್ಳುವ ಮುನ್ನ ಪೊಲೀಸ್ ಠಾಣೆಯಲ್ಲಿ ಒಂದು ಮಾತು ಕೇಳುವುದು ಮೇಲು. ಮೊಂಡಾಗಿದ್ದರೂ ಬೀದಿಗೆ ತರಬೇಡಿ.

ಮನೆಗೆ ಬಂದ ಮೇಲೆ ಹೆಚ್ಚಿನವರು ಎಡವುವುದು ಒರೆಯಲ್ಲಿ. ಕತ್ತಿಯನ್ನು ಒರೆಯೊಳಗೇ ಬಿಟ್ಟರೆ ತೊಗಲು ತೇವ ಹೀರಿ ಅಲಗಿಗೆ ತುಕ್ಕು ಹತ್ತಿಸುತ್ತದೆ, ಹಿತ್ತಾಳೆ ಪಟ್ಟಿಗೆ ಹಸಿರು ಕಿಲುಬು ಹಿಡಿಯುತ್ತದೆ. ಎರಡನ್ನೂ ಬೇರೆ ಬೇರೆ ಇಡಿ. ಮುಟ್ಟಿದಾಗಲೆಲ್ಲ ಬೆರಳಚ್ಚು ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ನೋಡಿ. ಗಾಜಿನ ಕಪಾಟಾದರೆ ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ತೆರೆದ ಗೋಡೆಗೆ ತೂಗುಹಾಕುವುದಾದರೆ ಮಕ್ಕಳ ಕೈಗೆಟುಕದಷ್ಟು ಎತ್ತರ, ಎರಡು ಗಟ್ಟಿ ಆಧಾರ. ರೋಮನ್ ವೇಷದ ಗೊಂಬೆಗೆ ಕಟ್ಟುವುದಾದರೆ ಸಾಮಾನ್ಯ ಸೈನಿಕನಿಗೆ ಬಲಗಡೆ, ದಳದ ನಾಯಕನಾದ ಸೆಂಚೂರಿಯನ್‌ಗೆ ಎಡಗಡೆ.

ಆಯುಧಪೂಜೆ ಬಂದಾಗ ಕುಂಕುಮವನ್ನು ಸ್ಟ್ಯಾಂಡಿಗೆ ಹಚ್ಚಿ, ನಿಂಬೆಹಣ್ಣನ್ನು ದೂರವಿಡಿ. ಕಾರ್ಬನ್ ಉಕ್ಕಿಗೆ ನಿಂಬೆರಸ ತಗುಲಿದರೆ ಆ ಕಲೆ ಮುಂದಿನ ನವರಾತ್ರಿಗೂ ಅಲ್ಲೇ ಇರುತ್ತದೆ.