ಜಪಾನೀಸ್ ಕಲಿಯುತ್ತಿದ್ದೀರಾ? ರಜೆಗೆ ಮತ್ಸುಯಾಮಾಕ್ಕೆ ಹೋಗಿ

ಟೋಕಿಯೊದಲ್ಲಿರುವ ನಮ್ಮವರಲ್ಲಿ ಅನೇಕರು ದುಡ್ಡು ಕೊಟ್ಟು ಜಪಾನೀಸ್ ಕ್ಲಾಸಿಗೆ ಹೋಗುತ್ತಾರೆ. ಮಾತಾಡೋಕೆ ಮಾತ್ರ ಜಾಗವೇ ಸಿಗುವುದಿಲ್ಲ. ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮೆಷೀನು. ನಮಗೆ ವಾಕ್ಯ ಕಟ್ಟುವುದು ಅಷ್ಟು ಕಷ್ಟವಲ್ಲ, ಕನ್ನಡದ ಹಾಗೆ ಅಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಕಿವಿ ಪಳಗಬೇಕು, ಅಷ್ಟೇ. ಅದಕ್ಕೆ ಶಿಕೊಕು ದ್ವೀಪದ ಮತ್ಸುಯಾಮಾ ಒಳ್ಳೆಯ ಊರು. ಸುಮಾರು 5 ಲಕ್ಷ ಜನ, ಎಲ್ಲ ಸೌಕರ್ಯವೂ ಇದೆ. ಒಕಾಯಾಮಾ ತನಕ ಶಿಂಕಾನ್ಸೆನ್ ಬುಲೆಟ್ ರೈಲು, ಅಲ್ಲಿಂದ ಶಿಯೊಕಾಜೆ ಎಕ್ಸ್‌ಪ್ರೆಸ್. ಆತುರವಿದ್ದರೆ ವಿಮಾನ.

ಊರೊಳಗೆ ಟ್ರಾಮ್ ಓಡುತ್ತದೆ. ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಇಳಿಯಬೇಕು. ಹಣ ಕೊಡುವುದು ಇಳಿಯುವಾಗ. ಚಿಲ್ಲರೆ ಇಲ್ಲದಿದ್ದರೆ ಡ್ರೈವರ್ ಪಕ್ಕದ ಮೆಷೀನಿನಲ್ಲಿ 1000 ಯೆನ್ ನೋಟು ಮುರಿಸಿಕೊಳ್ಳಿ, ಆಮೇಲೆ ಸರಿಯಾದ ಮೊತ್ತವನ್ನು ಡಬ್ಬಿಗೆ ಹಾಕಿ. ದೂರಕ್ಕೆ ತಕ್ಕಂತೆ ದರ ಇರುವ ಬಸ್ಸುಗಳಲ್ಲಿ ಹತ್ತುವಾಗಲೇ ‘ಸೇಯ್‌ರಿಕೆನ್’ ಅನ್ನುವ ನಂಬರಿನ ಚೀಟಿ ತೆಗೆದುಕೊಳ್ಳಬೇಕು. ಮುಂದಿನ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ಕಾಣುವುದೇ ನಿಮ್ಮ ದರ. ಹೊಸಬರು ಎಡವುವುದು ಇಲ್ಲೇ ಜಾಸ್ತಿ.

ಬಿಸಿನೀರಿನ ಬುಗ್ಗೆಯ ಸ್ನಾನಗೃಹ ದೋಗೊ ಓನ್ಸೆನ್‌ಗೆ ತಪ್ಪದೆ ಹೋಗಿ. ಅದರ ಮುಖ್ಯ ಕಟ್ಟಡ 1894ರದು, ದುರಸ್ತಿ ಮುಗಿದು 2024ರಲ್ಲಿ ಪೂರ್ತಿ ತೆರೆದಿದೆ. ಬರೀ ಸ್ನಾನವೋ, ಮಹಡಿಯ ಕೋಣೆಯಲ್ಲಿ ಚಹಾದ ಜೊತೆಗೋ, ಟಿಕೆಟ್ ಬೇರೆ ಬೇರೆ. ಕೌಂಟರಿನಲ್ಲಿ ಜಪಾನೀಸಿನಲ್ಲೇ ಕೇಳಿ ಆರಿಸಿಕೊಳ್ಳಿ, ಒಂದು ಪಾಠಕ್ಕೆ ಸಮ. ಕೊಳಕ್ಕೆ ಇಳಿಯುವ ಮುಂಚೆ ಮೈ ತೊಳೆದುಕೊಳ್ಳಲೇಬೇಕು.

ಸಸ್ಯಾಹಾರಿಗಳಿಗೆ ಊಟವೇ ದೊಡ್ಡ ಪರೀಕ್ಷೆ. ‘ಬೆಜಿತಾರಿಯನ್’ ಅಂದರೆ ಮಾಂಸದ ತುಂಡು ಮಾತ್ರ ತೆಗೆದು ಕೊಟ್ಟಾರು. ಉದೊನ್ ಅನ್ನುವ ದಪ್ಪ ನೂಡಲ್ಸಿನ ಸಾರಿಗೆ ಸಾಮಾನ್ಯವಾಗಿ ಒಣಮೀನು ಕುದಿಸಿ ತೆಗೆದ ‘ದಾಶಿ’ ಅನ್ನುವ ರಸವೇ ಆಧಾರ. ‘ದಾಶಿ ನಿ ಸಕಾನಾ ಗಾ ಹೈತ್ತೆ ಇಮಾಸ್ ಕಾ’ ಅಂತ ಕೇಳಿ. ಸಾರಿನಲ್ಲಿ ಮೀನು ಇದೆಯಾ ಅಂತ ಅರ್ಥ. ಇದೊಂದು ವಾಕ್ಯ ಬಾಯಿಪಾಠ ಮಾಡಿಕೊಂಡೇ ಹೊರಡಿ.

ಕೆಲವು ವಾರ ಉಳಿಯುವುದಾದರೆ ಊರಿನ ಅಂತರರಾಷ್ಟ್ರೀಯ ಕೇಂದ್ರವನ್ನು ವಿಚಾರಿಸಿ. ಜಪಾನಿನ ಬಹುತೇಕ ನಗರಗಳಲ್ಲಿ ಇಂಥದ್ದೊಂದು ಇರುತ್ತದೆ, ಸ್ವಯಂಸೇವಕರು ಕಲಿಸುವ ಕಡಿಮೆ ದರದ ತರಗತಿಗಳ ಮಾಹಿತಿ ಅಲ್ಲಿ ಸಿಗುತ್ತದೆ. ಆದರೆ ಅವು ಹೆಚ್ಚಾಗಿ ಅಲ್ಲೇ ನೆಲೆಸಿದವರಿಗಾಗಿ ನಡೆಯುವಂಥವು, ಮೊದಲೇ ಕೇಳಿ ಹೋಗಿ.

ಇದು ಹೈಕು ಕವಿ ಮಸಾಒಕಾ ಶಿಕಿ ಹುಟ್ಟಿದ ಊರು. ಊರಿನ ಅಲ್ಲಲ್ಲಿ ಹೈಕು ಹಾಕುವ ಅಂಚೆಪೆಟ್ಟಿಗೆಗಳಿವೆ, ಪಕ್ಕದಲ್ಲೇ ಚೀಟಿಯೂ ಇರುತ್ತದೆ. ಮೂರು ಸಾಲಿಗೆ ಐದು, ಏಳು, ಐದು ಅಕ್ಷರಗಳ ಲೆಕ್ಕದಲ್ಲಿ ನಿಮಗೆ ಬರುವ ಪದಗಳಲ್ಲೇ ಒಂದು ಬರೆದು ಹಾಕಿ. ಕಾಂಜಿ ಅನ್ನುವ ಚಿತ್ರಲಿಪಿ ಬರದಿದ್ದರೆ ಸುಲಭದ ಹಿರಾಗಾನಾ ಲಿಪಿಯಲ್ಲೇ ಬರೆಯಿರಿ.